ಕೋಡಿಬಾಗದ ಆರು ಅಚ್ಚುಗಳು: ಮಳೆಗಾಲದಲ್ಲಿ ಮೇಣದಬತ್ತಿಯ ಮೈ ಕೆಟ್ಟ ಒಂದು ಪ್ರಕರಣ

ಕಾರವಾರದ ಕೋಡಿಬಾಗದಲ್ಲಿ ಒಂದು ಮನೆಯ ಹಿಂಬದಿ ಜಗಲಿ. ಅತ್ತಿಗೆ, ನಾದಿನಿ ಇಬ್ಬರು ಸೇರಿ ಅಲ್ಲಿ ಮೇಣದಬತ್ತಿ ಮಾಡಿ ಮಾರುತ್ತಾರೆ. ಸೆಪ್ಟೆಂಬರ್ 8ರಂದು ಕರಾವಳಿಯ ಕ್ರೈಸ್ತರು ಆಚರಿಸುವ ಮೇರಿಯ ಜನ್ಮದಿನದ ಮೋಂತಿ ಹಬ್ಬಕ್ಕೆ ದಪ್ಪ ಬತ್ತಿಗಳ ಆರ್ಡರ್ ಹಿಡಿದಿದ್ದರು. 3 ಇಂಚು ಅಡ್ಡಳತೆ, 6 ಇಂಚು ಎತ್ತರ. ಅರ್ಧ ಬಿಳಿ, ಅರ್ಧ ಮರೂನ್, ಮಲ್ಲಿಗೆ ಸೆಂಟು. ಅಲ್ಯೂಮಿನಿಯಂ ಅಚ್ಚು ಆರು. ಮೇಣ 58ರಿಂದ 60 ಡಿಗ್ರಿಯಲ್ಲಿ ಕರಗುವ ಫುಲ್ಲಿ ರಿಫೈನ್ಡ್ ಪ್ಯಾರಾಫಿನ್. ಬೇಸಿಗೆಯಲ್ಲಿ ಇದೇ ಅಚ್ಚಿನಲ್ಲಿ, ಇದೇ ಅಂಗಡಿಯ ಮೇಣದಲ್ಲಿ ನುಣ್ಣನೆಯ ಬತ್ತಿ ಬಂದಿತ್ತು. ಆಶ್ಲೇಷಾ ಮಳೆ ಹಿಡಿದ ವಾರ ತೆಗೆದ ಬತ್ತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಾರಲು ಬಾರದವು. ಮೈತುಂಬ ಸಣ್ಣ ತೂತು, ಅಡ್ಡಗೆರೆ, ಮರೂನ್ ಬತ್ತಿಯಲ್ಲಿ ಬಿಳಿ ಮಚ್ಚೆ, ಬುಡದಲ್ಲಿ ಪೊರೆ ಎದ್ದ ಅಂಚು.

ಮೇಣ ಕಲಬೆರಕೆ ಎಂಬ ತೀರ್ಮಾನ ಮನೆಯಲ್ಲಿ ಆಗಲೇ ಆಗಿಹೋಗಿತ್ತು. ಇದು ಎಲ್ಲ ಕಡೆಯೂ ಮೊದಲು ಬರುವ ಅನುಮಾನ, ಪರೀಕ್ಷಿಸುವುದೂ ಸುಲಭ. ಮೇಣದ ತೆಳು ಚೂರನ್ನು ಎರಡು ಬಿಳಿ ಕಾಗದಗಳ ನಡುವೆ ಇಟ್ಟು ಮೇಲೆ ಭಾರ ಹೇರಿ ರಾತ್ರಿ ಬಿಡಬೇಕು. ಎಣ್ಣೆ ಅಂಶ ಹೆಚ್ಚಿರುವ ಸೆಮಿ ರಿಫೈನ್ಡ್ ಮೇಣ ಕಾಗದಕ್ಕೆ ಜಿಡ್ಡು ಬಿಡುತ್ತದೆ. ಇಲ್ಲಿಯ ಮೇಣ ಬಿಡಲಿಲ್ಲ. ಹಾಗಾಗಿ ಮೇಣವನ್ನು ಪಕ್ಕಕ್ಕಿಟ್ಟು ಕೆಲಸದ ಕ್ರಮವನ್ನೇ ನೋಡಬೇಕಾಯಿತು.

ಕ್ರಮ ಹೀಗಿತ್ತು. 4 ಕಿಲೋ ಪ್ಯಾರಾಫಿನ್‌ಗೆ ಬತ್ತಿ ಗಟ್ಟಿಯಾಗಲು ಬೆರೆಸುವ ಸ್ಟಿಯರಿಕ್ ಆಸಿಡ್ 100 ಗ್ರಾಂ, 280 ಗ್ರಾಂ ಸೆಂಟು. ದೊಡ್ಡ ಪಾತ್ರೆಯ ಕುದಿಯುವ ನೀರಿನಲ್ಲಿ ಮೇಣದ ಪಾತ್ರೆ ಇಟ್ಟು ಕರಗಿಸುವುದು. ಥರ್ಮಾಮೀಟರ್ 80 ತೋರಿಸಿದಾಗ ಬಣ್ಣ, ಸೆಂಟು ಕಲಸಿ ಜಗ್‌ಗೆ ಬಗ್ಗಿಸಿಕೊಂಡು ಆರು ಅಚ್ಚಿಗೂ ಸಾಲಾಗಿ ಹೊಯ್ಯುವುದು. ಅಚ್ಚುಗಳನ್ನು ಬಾವಿನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಒಳಗೆ ತೆಂಗಿನೆಣ್ಣೆ ಸವರಿ, ಮೊದಲೇ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿರುತ್ತಿದ್ದರು. ಆರ್ಡರ್ ಅವಸರವೆಂದು ಆ ನೀರಿಗೆ ಫ್ರಿಜ್ಜಿನ ಬಾಟಲಿ ನೀರೂ ಬೀಳುತ್ತಿತ್ತು. ಉರಿಯುವ ದಾರ ತೂರಿಸಲು ಅಚ್ಚಿನ ತಳದಲ್ಲಿರುವ ತೂತಿಗೆ ಹೊರಗಿನಿಂದ ಮೈದಾ ಕಣಕ. ಮೇಣ ಆರುತ್ತಾ ಕುಗ್ಗಿ ನಡು ಕುಸಿದ ಮೇಲೆ ಎರಡನೇ ಸಲ ಹೊಯ್ದು ಅಚ್ಚಿನ ಬಾಯಿಯವರೆಗೆ ತುಂಬಿ, ಆರಿದ ಮೇಲೆ ಫ್ರಿಜ್ಜಿನಲ್ಲಿಟ್ಟು ಬಿಡಿಸುವುದು.

ಬಲ್ಲವರಿಗೆ ಈ ಪ್ಯಾರಾ ಓದುವಾಗಲೇ ನಾಲ್ಕೈದು ಕಡೆ ಕಣ್ಣು ನಿಂತಿರುತ್ತದೆ. ಆದರೆ ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಬತ್ತಿ ಸರಿಯಾಗಬಹುದು, ಯಾವುದರಿಂದ ಸರಿಯಾಯಿತು ಎನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಮುಂದಿನ ಸಲ ಕೆಟ್ಟಾಗ ಮತ್ತೆ ಕತ್ತಲೆಯಲ್ಲೇ ಹುಡುಕಾಟ.

ಗುರುತು ಎಲ್ಲಿದೆ ಎಂದು ಮೊದಲು ಬರೆದುಕೊಳ್ಳುವುದು

ಅಚ್ಚುಗಳಿಗೆ 1ರಿಂದ 6ರವರೆಗೆ ಹೊರಗೆ ಪೇಂಟಿನಲ್ಲಿ ನಂಬರ್ ಹಾಕಲಾಯಿತು. ಹೊಯ್ಯುವುದೂ ಅದೇ ಕ್ರಮದಲ್ಲಿ. ಬತ್ತಿ ಹೊರಬಂದ ಕೂಡಲೇ ಬುಡಕ್ಕೆ ಮೊಳೆಯಿಂದ ಅದೇ ನಂಬರ್ ಗೀಚುವುದು, ಆಮೇಲೆ ಬತ್ತಿಯನ್ನು ತಲೆಕೆಳಗೆ ಹಿಡಿದು ನೋಡುವುದು. ಅಚ್ಚಿನ ತಳವೇ ಬತ್ತಿಯ ತಲೆ, ಅಚ್ಚಿನ ಬಾಯಿ ಬತ್ತಿಯ ಬುಡ. ಅದನ್ನು ಮರೆತು ನೆಟ್ಟಗೆ ಹಿಡಿದು ನೋಡಿದರೆ ‘ಮೇಲಿನ ಭಾಗದಲ್ಲಿ ಗೆರೆ’ ಎನ್ನುವುದು ನಿಜದಲ್ಲಿ ಮೊಟ್ಟಮೊದಲು ಹೊಯ್ದ ಮೇಣದ ಗೆರೆ ಎಂಬುದು ಹೊಳೆಯುವುದೇ ಇಲ್ಲ. ಮುಂದೆ ಈ ಬರಹದಲ್ಲಿ ಕೆಳಗೆ, ಮೇಲೆ ಎಂದರೆ ಅಚ್ಚಿನ ಲೆಕ್ಕದಲ್ಲೇ.

ಆರು ಬತ್ತಿ ಸಾಲಾಗಿ ಇಟ್ಟು ಪಕ್ಕದಿಂದ ಟಾರ್ಚ್ ಬಿಟ್ಟಾಗ ಕಂಡದ್ದು ಇಷ್ಟು. ಸಣ್ಣ ತೂತುಗಳು ಆರರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣ. ಅಡ್ಡಗೆರೆ 1ರಲ್ಲಿ ಒಂದೋ ಎರಡೋ, 6ಕ್ಕೆ ಬರುವಷ್ಟರಲ್ಲಿ ತಳದ ಅರ್ಧವೆಲ್ಲ ಗೆರೆ. ಬಿಳಿ ಮಚ್ಚೆ ಎಲ್ಲ ಮರೂನ್ ಬತ್ತಿಯಲ್ಲೂ ಇದೆ. ಬಿಳಿ ಬತ್ತಿಯನ್ನು ಬೆಳಕಿಗೆ ಅಡ್ಡ ಹಿಡಿದರೆ ಅಲ್ಲೂ ಮಸುಕಾಗಿ ಕಾಣುತ್ತದೆ. ಇವಲ್ಲದೆ 3ನೇ ಅಚ್ಚಿನ ಬತ್ತಿಗಳಲ್ಲಿ ಪ್ರತಿ ಸಲವೂ ಒಂದೇ ಜಾಗದಲ್ಲಿ ಉಗುರಿನಿಂದ ಗೀರಿದಂಥ ಗುರುತು.

ಕೊನೆಯದು ಅಲ್ಲೇ ಇತ್ಯರ್ಥವಾಯಿತು. ಒಂದೇ ಅಚ್ಚು, ಒಂದೇ ಜಾಗ, ಪ್ರತಿ ಸಲ ಎಂದರೆ ಅಚ್ಚಿನ ಗೀರು. ಹಿಡಿದುಕೊಂಡ ಮೇಣವನ್ನು ಯಾರೋ ಚಾಕುವಿನಿಂದ ಕೆರೆದಿದ್ದಾರೆ. ಅಚ್ಚನ್ನು ಕೆರೆಯಬಾರದು, ಸ್ಟೀಲ್ ಸ್ಕ್ರಬ್ಬರ್ ತಾಗಿಸಬಾರದು. ಬಿಸಿನೀರು, ಸೋಪು, ಮೆತ್ತನೆಯ ಬಟ್ಟೆ ಸಾಕು. ಓವನ್ ಇದ್ದರೆ ತಟ್ಟೆಗೆ ಪೇಪರ್ ಹಾಸಿ ಅಚ್ಚನ್ನು ಬೋರಲು ಹಾಕಿ 80 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟರೆ ಉಳಿದ ಮೇಣ ತಾನೇ ಇಳಿಯುತ್ತದೆ. ಮೇಣ ಹಿಡಿದ ಅಚ್ಚನ್ನು ಗ್ಯಾಸ್ ಉರಿಯ ಮೇಲೆ ಹಿಡಿಯುವುದು ಅಪಾಯ.

ಉಳಿದವುಗಳಲ್ಲಿ ಸುಳಿವು ಕೊಟ್ಟದ್ದು ಹೊಯ್ಯುವ ಸಾಲು. ತೂತಿಗೆ ಸಾಲಿನ ಹಂಗಿಲ್ಲ, ಗೆರೆಗೆ ಇದೆ. ಅಂದಮೇಲೆ ಎರಡಕ್ಕೂ ಕಾರಣ ಒಂದೇ ಆಗಿರಲಾರದು.

ಸಣ್ಣ ತೂತು

ಮೇಣದಬತ್ತಿಯ ಮೈಮೇಲಿನ ತೂತುಗಳೆಲ್ಲ ಒಂದೇ ಜಾತಿಯಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಗುಂಡಗೆ, ಅಂಚು ಚೂಪಾಗಿ, ಒಂದೇ ಪಕ್ಕದಲ್ಲಿ ಗುಂಪಾಗಿದ್ದರೆ ಅದು ಹೊಯ್ಯುವಾಗ ಸೇರಿದ ಗಾಳಿ. ಜಗ್ಗನ್ನು ಎತ್ತರದಿಂದ ಬಗ್ಗಿಸಿದಾಗ ಆಗುವುದು ಇದು. ತೂತಿನೊಳಗೆ ಕಪ್ಪು ಚುಕ್ಕಿ, ಎಳೆ ಕಂಡರೆ ಧೂಳು ಅಥವಾ ಬಟ್ಟೆಯ ನಾರು. ಆಳವಿಲ್ಲದೆ, ಆಕಾರ ನೆಟ್ಟಗಿಲ್ಲದೆ, ತಳ ಹೊಳೆಯುತ್ತಾ ಮೈಯೆಲ್ಲ ಹರಡಿದ್ದರೆ ನೀರು. ಅಚ್ಚಿನ ಗೋಡೆಗೆ ಅಂಟಿದ ನೀರಿನ ಹನಿಯ ಸುತ್ತ ಮೇಣ ಹೆಪ್ಪುಗಟ್ಟಿ, ಹನಿ ಇದ್ದಲ್ಲಿ ಗುಳಿ ಉಳಿಯುತ್ತದೆ. ಮೇಣವನ್ನು 80, 90 ಡಿಗ್ರಿಗೆ ಕಾಯಿಸಿದರೂ ತಣ್ಣನೆಯ ಲೋಹಕ್ಕೆ ತಾಗಿದ ಗಳಿಗೆಯಲ್ಲೇ ಅದು ಗಟ್ಟಿಯಾಗುವುದರಿಂದ ಆ ನೀರು ಆವಿಯಾಗಿ ಹೋಗಲು ಸಮಯವೇ ಇಲ್ಲ.

ಇಲ್ಲಿಯ ತೂತುಗಳು ಬಹುಪಾಲು ಮೂರನೇ ಜಾತಿ. ಒರೆಸಿದ ಅಚ್ಚಿನಲ್ಲಿ ನೀರು ಎಲ್ಲಿಂದ?

ಕರಾವಳಿಯ ಮಳೆಗಾಲದ ಗಾಳಿಯಿಂದಲೇ. ಗಾಳಿ 28 ಡಿಗ್ರಿ ಇದ್ದು ತೇವಾಂಶ ಶೇಕಡಾ 90 ಇದ್ದರೆ, 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ಇಬ್ಬನಿ ಕೂರುತ್ತದೆ. ಫ್ರಿಜ್ ನೀರು ಬೆರೆತ ಬಕೆಟ್ಟು 21 ಡಿಗ್ರಿ ಇತ್ತು. ಅದರಲ್ಲಿ ನಿಂತ ಅಚ್ಚು ಹೊಯ್ಯುವ ಹೊತ್ತಿಗೆ ಒಳಗೆಲ್ಲ ಬೆವರಿರುತ್ತದೆ. ಅಚ್ಚಿನೊಳಗೆ ಟಾರ್ಚ್ ಬಿಟ್ಟರೆ ಗೋಡೆಯ ಹೊಳಪು ಮಂಕಾಗಿ ಕಾಣುತ್ತಿತ್ತು. ಟಿಶ್ಯೂ ಪೇಪರ್ ಸುತ್ತಿದ ಕಡ್ಡಿಯಿಂದ ಒಳಗೋಡೆ ಒರೆಸಿದಾಗ ಪೇಪರ್ ಒದ್ದೆಯಾಗಿ ಬಂತು. ಒರೆಸಿ ಎರಡು ನಿಮಿಷ ಬಿಟ್ಟರೆ ಮತ್ತೆ ಮಂಕು. ಬೇಸಿಗೆಯಲ್ಲಿ ಇದೇ ಪದ್ಧತಿ ನಡೆದುಹೋದದ್ದು ಆಗ ನೀರಿಗೆ ಫ್ರಿಜ್ ಬಾಟಲಿ ಸೇರದ ಕಾರಣ, ಗಾಳಿಯೂ ಇಷ್ಟು ಒದ್ದೆಯಿಲ್ಲದ ಕಾರಣ.

ಖಚಿತಪಡಿಸಿಕೊಳ್ಳಲು ಒಂದೇ ಪಾಕದ ಮೇಣವನ್ನು ಮೂರು ಬಗೆಯ ಅಚ್ಚಿಗೆ ಹೊಯ್ಯಲಾಯಿತು. 1, 2 ಎಂದಿನಂತೆ ಬಕೆಟ್ಟಿನಲ್ಲಿ. 3, 4 ಹೊರಗೆ ಜಗಲಿಯ ಮೇಲೆ, ಒಣ ಮಲ್ ಬಟ್ಟೆಯಲ್ಲಿ ಒರೆಸಿ. 5, 6 ಒರೆಸಿದ ಮೇಲೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಅಂಗೈಯಲ್ಲಿ ಸ್ವಲ್ಪ ಹೊತ್ತು ಮಾತ್ರ ಹಿಡಿಯಲು ಆಗುವಷ್ಟು, ಅಂದಾಜು 50 ಡಿಗ್ರಿ. ಮೊದಲ ಎರಡರಲ್ಲಿ ತೂತು ಯಥಾಪ್ರಕಾರ. ನಡುವಿನ ಎರಡರಲ್ಲಿ ಕಡಿಮೆ. ಕೊನೆಯ ಎರಡರಲ್ಲಿ ಮೈ ಶುದ್ಧ, ಹೊಯ್ದ ಪಕ್ಕದಲ್ಲಿ ಮಾತ್ರ ಸಾಸಿವೆಯಷ್ಟಗಲದ ನಾಲ್ಕಾರು ಗುಂಡನೆಯ ಗುಳ್ಳೆ. ಅವು ಗಾಳಿಯವು. ಜಗ್ಗಿನ ಮೂತಿಯನ್ನು ಅಚ್ಚಿನ ಬಾಯಿಗೆ ತಾಗಿಸಿ, ಅಚ್ಚನ್ನು ತುಸು ವಾಲಿಸಿ, ಗೋಡೆಗುಂಟ ಮೇಣ ಇಳಿಯುವಂತೆ ಹೊಯ್ದು, ತುಂಬಿದ ಮೇಲೆ ಚಮಚದ ಹಿಡಿಯಿಂದ ಸುತ್ತ ತಟ್ಟಿ ಒಂದು ನಿಮಿಷ ಬಿಟ್ಟರೆ ಅವೂ ಮೇಲೆದ್ದು ಹೋಗುತ್ತವೆ.

ಇದೇ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ಬಿಸಿ ಅಚ್ಚಿನ ಬತ್ತಿಗಳಲ್ಲಿ ತೂತು ಹೋಗಿ, ಮೊದಲು ಅವುಗಳ ನಡುವೆ ಮರೆಯಾಗಿದ್ದ ಉದ್ದುದ್ದ ಮಂಕು ಪಟ್ಟೆಗಳು ಎದ್ದು ಕಂಡವು. ಅದು ತೆಂಗಿನೆಣ್ಣೆ. ತಿಂಡಿಯ ಅಚ್ಚಿಗೆ ಎಣ್ಣೆ ಸವರುವ ರೂಢಿ ಇಲ್ಲಿಗೂ ಬಂದಿದೆ. ಮೇಣ ಆರುವಾಗ ತಾನೇ ಕುಗ್ಗಿ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ, ಅದಕ್ಕೆ ಎಣ್ಣೆ ಬೇಡ. ಬೇಕೇಬೇಕು ಅನಿಸಿದರೆ ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಆ ಬಟ್ಟೆಯಿಂದ ಒಮ್ಮೆ ಒರೆಸುವುದು. ನೇರ ಅಚ್ಚಿಗೇ ಹೊಡೆದರೆ ಅದೂ ಹನಿಗಟ್ಟಿ ಗುಳಿ ಮಾಡುತ್ತದೆ.

ನೀರು ಮೇಣದೊಳಗೂ ಇರಬಹುದು. ಮೇಣದ ಹಲಗೆಗಳನ್ನು ಸಿಮೆಂಟ್ ನೆಲದ ಮೇಲೆ ಗೋಣಿ ಹಾಸಿ ಇಟ್ಟಿದ್ದರು. ಕರಗಿಸುವಾಗ ತಳದಲ್ಲಿ ಚಿಟಚಿಟ ಸದ್ದು ಬಂದರೆ, ಕರಗಿದ ಮೇಣದ ಅಡಿಯಲ್ಲಿ ಹನಿಗಳು ಉರುಳಾಡಿದರೆ ಅದೇ ಲಕ್ಷಣ. ಬಿಸಿನೀರಿನ ಪಾತ್ರೆಯ ಆವಿ ಮುಚ್ಚಳಕ್ಕೆ ತಾಗಿ ಮೇಣಕ್ಕೆ ತೊಟ್ಟಿಕ್ಕುವುದೂ ಉಂಟು. ಮೇಣಕ್ಕಿಂತ ನೀರು ಭಾರ. 85 ಡಿಗ್ರಿಯಲ್ಲಿ ಹತ್ತು ನಿಮಿಷ ಕಲಕದೆ ಬಿಟ್ಟು, ತಳದ ಒಂದು ಬೆರಳು ದಪ್ಪದಷ್ಟನ್ನು ಬಗ್ಗಿಸದೆ ಉಳಿಸಿದರೆ ಆಯಿತು.

ಅಡ್ಡಗೆರೆ

ಹೊಯ್ದ ಮೇಣದ ಮಟ್ಟ ಅಚ್ಚಿನಲ್ಲಿ ಏರುತ್ತಿರುವಾಗ ಅದರ ಅಂಚು ತಣ್ಣನೆಯ ಗೋಡೆಗೆ ತಾಗಿ ಗಟ್ಟಿಯಾಗುತ್ತದೆ. ಮೇಣದ ಬಿಸಿ ಸಾಕಷ್ಟಿಲ್ಲದಿದ್ದರೆ, ಆಮೇಲೆ ಬಂದ ಮೇಣ ಆ ಅಂಚನ್ನು ಕರಗಿಸಿಕೊಳ್ಳದೆ ಅದರ ಮೇಲೆ ಹತ್ತಿ ಮುಂದಿನ ಅಂಚು ಕಟ್ಟುತ್ತದೆ. ಇಳಿತದ ಹೊತ್ತು ನೀರು ಹಿಂದೆ ಸರಿದಂತೆ ಮರಳಿನ ಮೇಲೆ ಉಳಿಯುವ ಸಾಲು ಸಾಲು ಗೆರೆಗಳಂತೆ ಬತ್ತಿಯ ಮೈಮೇಲೆ ಉಂಗುರಗಳು ಉಳಿಯುತ್ತವೆ, ದಿಕ್ಕು ಮಾತ್ರ ತಿರುಗುಮುರುಗು.

80 ಡಿಗ್ರಿಯಲ್ಲಿ ಹೊಯ್ಯುತ್ತಿದ್ದೇವೆ ಎಂದೇ ಅವರ ಲೆಕ್ಕ. ಆ 80 ದೊಡ್ಡ ಪಾತ್ರೆಯೊಳಗಿನದು. ಸೆಂಟು ಸುರಿದು ಕಲಸುವಾಗ ಸ್ವಲ್ಪ, ಅಲ್ಯೂಮಿನಿಯಂ ಜಗ್ಗು ತಣ್ಣಗಿದ್ದುದರಿಂದ ಇನ್ನಷ್ಟು ಇಳಿದು, ಜಗ್ಗಿನಲ್ಲಿ ಅಳೆದಾಗ 73. ಆರನೇ ಅಚ್ಚಿಗೆ ಬರುವಷ್ಟರಲ್ಲಿ 67. 58–60ರ ಮೇಣಕ್ಕೆ 67 ಎಂದರೆ ಹೆಪ್ಪುಗಟ್ಟಲು ಏಳೆಂಟು ಡಿಗ್ರಿ ಮಾತ್ರ ಬಾಕಿ. 6ರಲ್ಲಿ ಗೆರೆ ಹೆಚ್ಚು, 1ರಲ್ಲಿ ಕಡಿಮೆ ಇದ್ದದ್ದು ಇದಕ್ಕೇ. ಇನ್ನೊಂದು ಎಡವಟ್ಟೂ ಸೇರಿತ್ತು: ಗಾಜಿನ ಲೋಟಕ್ಕೆ ಸೋಯಾ ಮೇಣ ಹೊಯ್ಯುವ ವೀಡಿಯೋ ನೋಡಿ ‘ಆರಿಸಿ ಹೊಯ್ಯಬೇಕು’ ಎಂದು ಕಲಿತದ್ದು. ಆ ಮೇಣಕ್ಕೆ, ಆ ಲೋಟಕ್ಕೆ ಅದು ಸರಿ. ಲೋಹದ ಅಚ್ಚಿನ ಪ್ಯಾರಾಫಿನ್ ಬತ್ತಿಗೆ ಅಲ್ಲ.

ಥರ್ಮಾಮೀಟರ್ ಸರಿಯಿದೆಯೇ ಎಂದೂ ನೋಡಬೇಕು. ಕಾರವಾರ ಸಮುದ್ರಮಟ್ಟದಲ್ಲೇ ಇರುವುದರಿಂದ ಕುದಿಯುವ ನೀರಿನಲ್ಲಿ ಅದು 100 ತೋರಿಸಬೇಕು. ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ಇದೇ ಪರೀಕ್ಷೆ ಮಾಡುವವರು 98 ಕಂಡರೆ ಗಾಬರಿಯಾಗಬೇಕಿಲ್ಲ, ಅಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ. ಇಲ್ಲಿಯ ಥರ್ಮಾಮೀಟರ್ 99 ತೋರಿಸಿತು.

ಬದಲಾವಣೆ ಎರಡೇ. ಜಗ್ಗನ್ನು ಬಿಸಿನೀರಿನ ಪಾತ್ರೆಯ ಪಕ್ಕದಲ್ಲೇ ಇಟ್ಟು ಕಾಯಿಸಿಕೊಂಡು ಒಳಗೆ ಒಣಗಿಸುವುದು, ಒಂದು ಸಲಕ್ಕೆ ಎರಡು ಅಚ್ಚಿಗಾಗುವಷ್ಟೇ ಮೇಣ ತುಂಬಿಕೊಳ್ಳುವುದು. ಜಗ್ಗಿನಲ್ಲಿ 86–88 ಡಿಗ್ರಿ ಇರುವಾಗ, 45–50ರ ಅಚ್ಚಿಗೆ, ನಡುವೆ ನಿಲ್ಲಿಸದೆ ಹೊಯ್ದಾಗ ಉಂಗುರಗಳು ಹೋದವು. ಹೊಯ್ಯುವಾಗ ನಿಧಾನ ಇರಬೇಕು, ತಡೆ ಇರಬಾರದು. ಫೋನ್ ಬಂತೆಂದು ಅರ್ಧದಲ್ಲಿ ನಿಲ್ಲಿಸಿದರೆ ಆ ಮಟ್ಟದಲ್ಲಿ ಒಂದು ಗೆರೆ ಖಾತ್ರಿ.

ಹೋಗದ ಒಂದೇ ಒಂದು ಗೆರೆ

ಉಂಗುರಗಳು ಹೋದ ಮೇಲೂ ಆರೂ ಬತ್ತಿಗಳಲ್ಲಿ ಒಂದು ತೆಳು ಗೆರೆ ಉಳಿಯಿತು. ಅದರ ಕೆಳಗೆ ಮೈ ಹೊಳಪು, ಮೇಲೆ ತುಸು ಮಂಕು, ಗೆರೆಯ ಮೇಲೆ ಸಾಲಾಗಿ ಸೂಜಿಮೊನೆಯಷ್ಟು ಗುಳ್ಳೆ. ಸ್ಕೇಲ್ ಹಿಡಿದರೆ ಎಲ್ಲದರಲ್ಲೂ ತಳದಿಂದ 11 ಸೆಂಟಿಮೀಟರ್. ಬಕೆಟ್ಟಿನ ನೀರು ಅಳೆದರೆ ಅದೂ 11.

ನೀರಿನಲ್ಲಿ ಆರಿಸುವುದು ತಪ್ಪಲ್ಲ, ಬೇಗ ಆರಿದ ಮೇಣದ ಮೈ ಹೆಚ್ಚು ಹೊಳೆಯುತ್ತದೆ. ಆದರೆ ನೀರಿನ ಮಟ್ಟ ಅಚ್ಚಿನೊಳಗಿನ ಮೇಣದ ಮಟ್ಟಕ್ಕೆ ಸಮ ಇರಬೇಕು. ಇಲ್ಲದಿದ್ದರೆ ಕೆಳಭಾಗ ಒಂದು ವೇಗದಲ್ಲಿ, ಮೇಲ್ಭಾಗ ಇನ್ನೊಂದು ವೇಗದಲ್ಲಿ ಆರಿ ನಡುವೆ ಗಡಿ ಬೀಳುತ್ತದೆ. ಇವರು ನೀರು ಕಡಿಮೆ ಇಟ್ಟದ್ದಕ್ಕೂ ಕಾರಣವಿತ್ತು: ಹೆಚ್ಚಿಟ್ಟರೆ ಅಚ್ಚು ತೇಲುತ್ತದೆ. ಲೆಕ್ಕ ನೋಡಿ. 3 × 6 ಇಂಚಿನ ಅಚ್ಚು ಸುಮಾರು 695 ಮಿಲಿಲೀಟರ್. ಅದರೊಳಗಿನ ಬಿಸಿ ಮೇಣ 535 ಗ್ರಾಂ ತೂಗುತ್ತದೆ. ತೆಳು ಅಲ್ಯೂಮಿನಿಯಂ ಸೇರಿದರೂ ಒತ್ತರಿಸಿದ ನೀರಿನ ತೂಕಕ್ಕೆ ಅಷ್ಟಕ್ಕಷ್ಟೆ. ಅಚ್ಚು ವಾಲುತ್ತದೆ, ಗೆರೆ ಓರೆಯಾಗುತ್ತದೆ, ಬುಡವೂ ಓರೆ. ಬಾಯಿಯ ಅಂಚಿಗೆ ಎರಡು ಕಡ್ಡಿ ಅಡ್ಡ ಇಟ್ಟು ಮೇಲೆ ಒಂದು ಕಿಲೋ ತೂಕದ ಬಟ್ಟು ಹೇರಿದರೆ ನಿಲ್ಲುತ್ತದೆ. ಮೊದಲೇ ನೀರು ತುಂಬಿದ ಅಚ್ಚನ್ನು ಬಕೆಟ್ಟಿನಲ್ಲಿಟ್ಟು ಮಟ್ಟ ಗುರುತು ಮಾಡಿಕೊಂಡು, ಅಚ್ಚನ್ನು ತೆಗೆದು ಪೂರ್ತಿ ಒಣಗಿಸಿ ಕೆಲಸ ಶುರುಮಾಡುವುದು ಒಳ್ಳೆಯದು. ಬಕೆಟ್ಟಿಗೆ ಸಾದಾ ಬಾವಿನೀರು ಸಾಕು. ಫ್ರಿಜ್ ನೀರಿನಿಂದ ಸಮಯವೇನೂ ಹೆಚ್ಚು ಉಳಿಯುವುದಿಲ್ಲ, ಮೈಯಲ್ಲಿ ಕೂದಲೆಳೆ ಬಿರುಕು ಬರುವ ಸಾಧ್ಯತೆ ಮಾತ್ರ ಹೆಚ್ಚುತ್ತದೆ.

ಮೈದಾ ಕಣಕದ ಸಮಾಚಾರವೂ ಇಲ್ಲೇ. ನೀರಲ್ಲಿ ಅರ್ಧ ಗಂಟೆ ನಿಂತರೆ ಅದು ಲೊಳೆಯಾಗುತ್ತದೆ, ದಾರದಗುಂಟ ನೀರು ಒಳಗೆ ಏರುತ್ತದೆ. ಅಂಥ ಬತ್ತಿ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಹಚ್ಚಿದಾಗ ಚಟಪಟ ಎನ್ನುತ್ತದೆ. ಅಚ್ಚಿಗೆಂದೇ ಸಿಗುವ ಪುಟ್ಟಿ ಒತ್ತಿ, ಮೇಲೆ ಅಲ್ಯೂಮಿನಿಯಂ ಟೇಪ್ ಹಾಕಬೇಕು. ದಾರವನ್ನೂ ಕರಗಿದ ಮೇಣದಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೆ ಅದ್ದಿ, ಎಳೆದು ನೆಟ್ಟಗೆ ಒಣಗಿಸಿಟ್ಟುಕೊಂಡೇ ಬಳಸಬೇಕು. ಹಸಿ ದಾರದಿಂದ ಹೊರಡುವ ಗಾಳಿ ಬತ್ತಿಯ ತಲೆಯಲ್ಲೇ ಗುಳ್ಳೆಯಾಗಿ ಕೂರುತ್ತದೆ.

ಮರೂನ್ ಬತ್ತಿಯ ಬಿಳಿ ಮಚ್ಚೆ

ಇದಕ್ಕೂ ಮಳೆಗೂ ಸಂಬಂಧವಿಲ್ಲ. ಮಳೆಯ ತಲೆಗೆ ಕಟ್ಟಿ ಸುಮ್ಮನಾಗುವುದು ಸುಲಭವಾಗಿತ್ತು.

ಬಿಳಿಯಾಗಿ ಕಾಣುವುದು ಮೈಮೇಲಿನದೋ ಒಳಗಿನದೋ ಎಂದು ಮೊದಲು ತಿಳಿಯಬೇಕು. ಹೇರ್ ಡ್ರೈಯರ್‌ನ ಬಿಸಿಗಾಳಿಯನ್ನು ಒಂದು ಕಡೆ ಕೆಲವು ಸೆಕೆಂಡ್ ಬಿಟ್ಟು, ಹಳೆಯ ನೈಲಾನ್ ಕಾಲುಚೀಲದಿಂದ ಉಜ್ಜಿ ನೋಡುವುದು. ಹೋದರೆ ಮೈಮೇಲಿನ ಬೂದಿ. ಜೇನುಮೇಣ ಬೆರೆಸಿದ ಬತ್ತಿಗಳಲ್ಲಿ ಕೆಲವು ವಾರ ಕಳೆದ ಮೇಲೆ ಇದು ಸಹಜವಾಗಿಯೇ ಬರುತ್ತದೆ. ಇಲ್ಲಿ ಉಜ್ಜಿದರೆ ಹೋಗಲಿಲ್ಲ. ಉಗುರಿನಿಂದ ಒಂದು ಪದರ ಕೆರೆದರೂ ಕೆಳಗೆ ಅದೇ ನಕ್ಷತ್ರದಂಥ ಮಚ್ಚೆ.

ಪ್ಯಾರಾಫಿನ್ ಗಟ್ಟಿಯಾಗುವಾಗ ಹರಳುಗಟ್ಟುತ್ತದೆ. ಅದರ ಹರಳುಗಳ ನಡುವೆ ಸೆಂಟಿನ ಎಣ್ಣೆ ಹಿಡಿಯುವಷ್ಟೇ ಹಿಡಿಯುತ್ತದೆ. ಹೆಚ್ಚಾದ ಎಣ್ಣೆ ಹೊರದಬ್ಬಿಸಿಕೊಂಡು ಅಲ್ಲಲ್ಲಿ ಗೂಡುಕಟ್ಟುತ್ತದೆ, ಬೆಳಕು ಅಲ್ಲಿ ಚದುರಿ ಬಿಳಿಯಾಗಿ ಕಾಣುತ್ತದೆ. ನಿಧಾನ ಆರಿದಷ್ಟೂ ಹರಳು ದೊಡ್ಡದಾಗಿ ಮಚ್ಚೆಯೂ ದೊಡ್ಡದು. 4 ಕಿಲೋಗೆ 280 ಗ್ರಾಂ ಎಂದರೆ ಶೇಕಡಾ 7. ಬೇರೇನೂ ಬೆರೆಸದ ಪ್ಯಾರಾಫಿನ್‌ಗೆ ಶೇಕಡಾ 3ರ ಆಸುಪಾಸೇ ಕ್ಷೇಮ. ಬೇಸಿಗೆಯಲ್ಲಿ ಎಷ್ಟು ಹಾಕಿದ್ದಿರಿ ಎಂದು ಕೇಳಿದಾಗ 120 ಗ್ರಾಂ ಎಂಬ ಉತ್ತರ ಬಂತು. ಹಬ್ಬದ ಆರ್ಡರಿಗೆ ಪರಿಮಳ ಜೋರಿರಲಿ ಎಂದು ಎರಡು ಪಟ್ಟು ಮೀರಿಸಿದ್ದರು. ‘ಅದೇ ಪಾಕ’ ಎಂದು ಹೇಳುತ್ತಾ ಬಂದ ಪಾಕ ಅದೇ ಆಗಿರಲಿಲ್ಲ. ಇಂಥ ಪ್ರಕರಣಗಳಲ್ಲಿ ಇದು ಅಪರೂಪವೇನಲ್ಲ, ಹಾಗಾಗಿ ಬಾಯಿಮಾತಿನ ಅಳತೆ ನಂಬದೆ ತಕ್ಕಡಿಗೆ ಹಾಕಿಸಿ ನೋಡುವುದೇ ಸರಿ.

ಆರಿದ ಬತ್ತಿಗಳ ಮೇಲೆ ಕಂಡ ಹನಿಗಳ ಬಗ್ಗೆಯೂ ಜಗಳವಿತ್ತು: ಬೆವರೋ, ಸೆಂಟೋ? ದಿನಪತ್ರಿಕೆಯ ಚೂರಿಗೆ ಒತ್ತಿ ತೆಗೆದು ಒಲೆಯ ಹತ್ತಿರ ಐದು ನಿಮಿಷ ಇಡುವುದು. ಕಲೆ ಮಾಯವಾದರೆ ನೀರು. ಕಾಗದ ಅಲ್ಲಿ ಪಾರದರ್ಶಕವಾಗಿ ಹಿಂಬದಿಯ ಅಕ್ಷರ ಕಾಣುವಂತೆಯೇ ಉಳಿದರೆ ಎಣ್ಣೆ. ಉಳಿಯಿತು.

ಸೆಂಟನ್ನು 120 ಗ್ರಾಮಿಗೆ ಇಳಿಸಿದ್ದರಿಂದಲೇ ಮಚ್ಚೆ ಬಹುತೇಕ ಹೋಯಿತು. ಉಳಿದ ಮಸುಕಿಗೆ ಸ್ಟಿಯರಿಕ್ ಆಸಿಡ್ ಅನ್ನು 100ರಿಂದ 300 ಗ್ರಾಮಿಗೆ ಏರಿಸಲಾಯಿತು. ಅದರಿಂದ ಹರಳು ಸಣ್ಣದಾಗುತ್ತದೆ, ಬತ್ತಿ ಗಟ್ಟಿಯಾಗುತ್ತದೆ, ಕುಗ್ಗುವುದು ಹೆಚ್ಚಿ ಅಚ್ಚಿನಿಂದ ಸಲೀಸಾಗಿ ಬಿಡುತ್ತದೆ. ಬೆಲೆಯೂ ಉಂಟು: ಮೇಣ ಹಾಲುಬಿಳಿಯಾಗಿ ಮರೂನ್ ಬಣ್ಣ ಗುಲಾಬಿಯತ್ತ ವಾಲಿತು, ಬಣ್ಣ ಮುಕ್ಕಾಲು ಪಾಲು ಹೆಚ್ಚು ಹಾಕಬೇಕಾಯಿತು. ಸ್ಟಿಯರಿಕ್ ಆಸಿಡ್ ಬೆರೆತ ಮೇಣವನ್ನು ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಕರಗಿಸಬಾರದು, ಹಸಿರು ಕಕ್ಕುತ್ತದೆ. ರಬ್ಬರ್ ಅಚ್ಚಿಗೂ ಅದು ಆಗಿಬರುವುದಿಲ್ಲ. ಬಣ್ಣ ಎಣ್ಣೆಯಲ್ಲಿ ಕರಗುವ ಮೇಣದಬತ್ತಿಯ ಬಣ್ಣವೇ ಆಗಬೇಕು. ಜಿಲೇಬಿಗೆ ಹಾಕುವ ಬಣ್ಣ ಮೇಣದಲ್ಲಿ ಕರಗದು, ತಳದಲ್ಲಿ ಮಣಿಗಟ್ಟುತ್ತದೆ.

ಬುಡದ ಪೊರೆ

ಹೊಯ್ದ 535 ಗ್ರಾಂ ಮೇಣ ಗಟ್ಟಿಯಾದ ಮೇಲೆ ಸುಮಾರು 595 ಮಿಲಿಲೀಟರ್ ಜಾಗ ಮಾತ್ರ ತುಂಬುತ್ತದೆ. ನೂರು ಮಿಲಿಲೀಟರ್ ಕೊರತೆ. ಅದರಲ್ಲಿ ಸ್ವಲ್ಪ ಬತ್ತಿಯ ಸುತ್ತಳತೆ ಕುಗ್ಗಿ ಹೋಗುತ್ತದೆ, ಉಳಿದದ್ದು ನಡುವೆ ಗುಂಡಿಯಾಗುತ್ತದೆ. ಆ ಗುಂಡಿಗೆ 60–80 ಗ್ರಾಂ ಮೇಣ ಬೇಕು. ಇವರು ಅಚ್ಚಿನ ಬಾಯಿಯವರೆಗೆ ತುಂಬುತ್ತಿದ್ದರಿಂದ ಮೊದಲ ಮಟ್ಟ ದಾಟಿದ ಬಿಸಿ ಮೇಣ, ಆಗಲೇ ಗೋಡೆಯಿಂದ ಬಿಟ್ಟಿದ್ದ ಬತ್ತಿಗೂ ಅಚ್ಚಿಗೂ ನಡುವಿನ ಸಂದಿಗೆ ಇಳಿಯುತ್ತಿತ್ತು. ಅದೇ ಪೊರೆ, ಅದೇ ಅಂಚು. ಬತ್ತಿ ಹೊರಬರಲು ಹಟ ಹಿಡಿಯುತ್ತಿದ್ದದ್ದೂ, ಅದಕ್ಕಾಗಿ ಫ್ರಿಜ್ಜು ಬೇಕಾದದ್ದೂ, ಫ್ರಿಜ್ಜಿನಿಂದ ಬಿರುಕು ಬಂದದ್ದೂ ಇದರ ಬಾಲವೇ.

ಹೊಯ್ದು 45 ನಿಮಿಷಕ್ಕೆ, ಮೇಲಿನ ಕೆನೆ ಒಂದು ಸೆಂಟಿಮೀಟರ್ ಗಟ್ಟಿಯಾದಾಗ, ಹೆಣಿಗೆ ಸೂಜಿಯಿಂದ ದಾರದ ಸುತ್ತ ಮೂರು ಕಡೆ ಚುಚ್ಚಬೇಕು. ಅಚ್ಚಿನ ತಳಕ್ಕೆ ಒಂದು ಇಂಚು ಉಳಿಯುವಷ್ಟು ಆಳಕ್ಕೆ. ತೂತು ಮುಚ್ಚಿದರೆ ಮತ್ತೆ ಚುಚ್ಚುವುದು. ಒಳಗೆ ಗಾಳಿ ಹೋಗಲು ದಾರಿಯಿಲ್ಲದಿದ್ದರೆ ಕುಗ್ಗುವ ಮೇಣ ಪಕ್ಕದ ಗೋಡೆಯನ್ನೇ ಒಳಗೆಳೆದುಕೊಂಡು ಬತ್ತಿಯ ಮೈ ತಗ್ಗಾಗುತ್ತದೆ. ನಡು ಕುಸಿದು ನಿಂತ ಮೇಲೆ 90 ಡಿಗ್ರಿಯ ಮೇಣವನ್ನು ಮೊದಲ ಮಟ್ಟಕ್ಕಿಂತ 2–3 ಮಿಲಿಮೀಟರ್ ಕೆಳಗೆ ನಿಲ್ಲಿಸಿ ಹೊಯ್ಯುವುದು. ಇದೊಂದರಲ್ಲಿ ಕೈ ಬಿಗಿ ಇರಬೇಕು.

ಹೀಗೆ ಹೊಯ್ದ ಬತ್ತಿ ಐದಾರು ಗಂಟೆ ಬಿಟ್ಟರೆ ಅಚ್ಚು ಬೋರಲು ಹಾಕಿದಾಗ ತಾನೇ ಜಾರುತ್ತದೆ. ಜಾರದಿದ್ದರೆ ಹತ್ತು ನಿಮಿಷ ಮಾತ್ರ ಫ್ರಿಜ್ಜು, ಫ್ರೀಜರ್ ಬೇಡವೇ ಬೇಡ. ಹೊರತೆಗೆದ ಕೂಡಲೇ ಬತ್ತಿಯ ಮೇಲೂ ಇಬ್ಬನಿ ಕೂರುತ್ತದೆ, ಆಗ ಒರೆಸಲು ಹೋದರೆ ಗೀರು. ಫ್ಯಾನಿನ ಕೆಳಗಿಟ್ಟು ತಾನಾಗಿ ಒಣಗಲು ಬಿಡಬೇಕು. ಅಚ್ಚಿನಲ್ಲಿ ಆರುತ್ತಿರುವಾಗ ಮಾತ್ರ ಫ್ಯಾನ್ ಬೇಡ, ಒಂದು ಪಕ್ಕ ಬೇಗ ಆರಿ ಬತ್ತಿ ಓರೆ ಕುಗ್ಗುತ್ತದೆ.

ಆರ್ಡರ್ ಮುಗಿಸಿದ ಪಾಕ

3 ಕಿಲೋ 700 ಗ್ರಾಂ ಪ್ಯಾರಾಫಿನ್, 300 ಗ್ರಾಂ ಸ್ಟಿಯರಿಕ್ ಆಸಿಡ್. ಆರು ಬತ್ತಿಗೆ ಎರಡೂ ಹೊಯ್ತ ಸೇರಿ ಸುಮಾರು 3 ಕಿಲೋ 600 ಗ್ರಾಂ ಹೋಗುತ್ತದೆ, ತಳದಲ್ಲಿ ಉಳಿಸಬೇಕಾದದ್ದು ಉಳಿಯುತ್ತದೆ. ಮೊದಲು ಸ್ಟಿಯರಿಕ್ ಆಸಿಡ್ ಅನ್ನು ಸ್ವಲ್ಪ ಮೇಣದ ಜೊತೆ ಕರಗಿಸಿ ಉಳಿದ ಮೇಣ ಸೇರಿಸುವುದು. 90ಕ್ಕೆ ಬಂದಾಗ ಬಣ್ಣ, ಹೊಯ್ಯುವ ಮುಂಚೆ 120 ಗ್ರಾಂ ಸೆಂಟು ಹಾಕಿ ಎರಡು ನಿಮಿಷ ಗುಳ್ಳೆಯೇಳದಂತೆ ನಿಧಾನ ಕಲಸುವುದು. ಎರಡನೇ ಹೊಯ್ತಕ್ಕೆ ಬೇಕಾದ ಅರ್ಧ ಕಿಲೋ ಮೊದಲೇ ಎತ್ತಿಡಬೇಕು. ಆಮೇಲೆ ಬಣ್ಣ ಹೊಂದಿಸಲು ಹೋದರೆ ಬುಡ ಬೇರೆ ಬಣ್ಣವಾಗುತ್ತದೆ. ನೇರ ಉರಿಯ ಮೇಲೆ ಮೇಣ ಇಡುವುದಿಲ್ಲ, ಒಲೆ ಬಿಟ್ಟು ಹೋಗುವುದಿಲ್ಲ. ಮೇಣಕ್ಕೆ ಬೆಂಕಿ ಹತ್ತಿದರೆ ಗ್ಯಾಸ್ ಆರಿಸಿ ಮುಚ್ಚಳ ಮುಚ್ಚುವುದು, ನೀರು ಹಾಕಿದರೆ ಬೆಂಕಿ ಹಾರುತ್ತದೆ.

ಕೆಟ್ಟ ಬತ್ತಿಗಳು ಕರಗಿ ಮತ್ತೆ ಬತ್ತಿಯಾದವು. ಕರಗಿಸುವ ಮುನ್ನ ದಾರ ಎಳೆದು ಸೋಸಬೇಕು. ಬಿಳಿ, ಮರೂನ್ ಎರಡರಲ್ಲೂ ಸೆಂಟು ಮೊದಲೇ ಶೇಕಡಾ 7 ಇದೆ, ಅದಕ್ಕೆ ಒಂದಕ್ಕೆ ಒಂದೂಕಾಲು ಪಾಲು ಹೊಸ ಮೇಣ ಬೆರೆಸಿ, ಸೆಂಟು ಹಾಕದೆ ಹೊಯ್ದರೆ ಪ್ರಮಾಣ ಶೇಕಡಾ 3ಕ್ಕೆ ಬರುತ್ತದೆ. ಅಲ್ಪಸ್ವಲ್ಪ ಮಂಕಿದ್ದ ಬತ್ತಿಗಳನ್ನು ದಾರ ಹಿಡಿದು 80 ಡಿಗ್ರಿ ನೀರಿನಲ್ಲಿ ಮೂರು ಸೆಕೆಂಡ್ ಅದ್ದಿ ತೆಗೆದರೆ ಹೊಳಪು ಮರಳುತ್ತದೆ. ತೂತು ಮುಚ್ಚಲು ಈ ಉಪಾಯ ನಡೆಯದು.

ಇದೇ ಪಾಕವನ್ನು ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ ಚಳಿಗಾಲದ ಬೆಳಗ್ಗೆ ಹೊಯ್ಯುವವರಿಗೆ ತೂತಿನ ಕಾಟ ಕಡಿಮೆ, ಉಂಗುರದ ಕಾಟ ಜಾಸ್ತಿ. ಗಾಳಿಯಲ್ಲಿ ಕರಾವಳಿಯ ಮಳೆಗಾಲದಷ್ಟು ತೇವ ಇರುವುದಿಲ್ಲ, ಅಚ್ಚು ಮಾತ್ರ ತಣ್ಣಗೆ ಕೊರೆಯುತ್ತದೆ. ಅಲ್ಲಿ ಅಚ್ಚನ್ನು 55ರವರೆಗೆ ಬಿಸಿ ಮಾಡಿದರೂ ಅಡ್ಡಿಯಿಲ್ಲ. ಬಿಸಿಲೇರಿದ ಮೇಲೆ ಹೊಯ್ದರೆ ಇನ್ನೂ ಅನುಕೂಲ.

ಪ್ಯಾಕಿಂಗ್ ಮಾಡುವಾಗ ಒಂದು ಎಚ್ಚರ. ಅಚ್ಚಿನಿಂದ ತೆಗೆದ ದಿನವೇ ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಒಳಗಿನ ಬಿಸಿಗೆ ಕವರ್ ಬೆವರಿ ಮೈಗೆ ಅಂಟಿ ಮುದ್ರೆ ಬೀಳುತ್ತದೆ. ಒಂದು ದಿನ ಆರಿಸಿ, ಬಟರ್ ಪೇಪರ್ ಸುತ್ತಿ, ಅದರ ಮೇಲೆ ಕವರ್. ಬಣ್ಣ ಬಿಡುತ್ತದೆಯೇ ಎಂದು ಮರೂನ್ ಬತ್ತಿಯನ್ನು ಬಿಳಿ ಬಟ್ಟೆಯಲ್ಲಿ ಒಮ್ಮೆ ಒರೆಸಿ ನೋಡಿ, ಬಿಳಿಯವುಗಳಿಂದ ಬೇರೆ ಡಬ್ಬದಲ್ಲಿ ಇಡಬೇಕು.